ಮಂಡಿಗೊಂದು ಸಾಲು

ಹಳ್ಳಿಮೈಸೂರು

ಕಬಡ್ಡಿ ತಂಡದ ಮ್ಯಾನೇಜರ್ ಸಾಹೇಬರಿಗೆ,

ಮೇಜಿನ ಮೇಲೆ ಕಾಲು ಚಾಚಿಕೊಂಡು ಓದುತ್ತಿದ್ದರೆ ಮೊದಲು ಕೆಳಗಿಳಿಸಿ. ನಾಲ್ಕನೇ ಕ್ಲಾಸು ಓದಿದ ಮುದುಕಿಗೇನು ತಿಳಿಯುತ್ತದೆ ಎಂದು ತಾನೇ, ನಾನು ಸಾಕಿದ ಮೊಮ್ಮಗಳು ಯಶಸ್ವಿನಿಯ ಒಪ್ಪಂದವನ್ನು ನನ್ನ ಸಹಿಗೆ ಕಳಿಸಿದ್ದು? ಕನ್ನಡಕ ಹಾಕಿಕೊಂಡು ಪೂರ್ತಿ ಓದಿದೆ. ಪೆಟ್ಟಾದರೆ ತಂಡ ಜವಾಬ್ದಾರಿಯಲ್ಲವಂತೆ.

ನಮ್ಮ ಯಜಮಾನರು ಪೈಲ್ವಾನರು. ಚನ್ನರಾಯಪಟ್ಟಣದಲ್ಲಿ ಅವರ ಕುಸ್ತಿಗೆ ಜನ ಟಿಕೆಟ್ ಕೊಂಡು ಬರುತ್ತಿದ್ದರು. ಆ ದುಡ್ಡು ಕಂಟ್ರಾಕ್ಟರಿಗೆ, ಗೆದ್ದವರಿಗೆ ಒಂದು ಟಗರು. ಅದನ್ನೂ ಕಡಿದು ಊರಿಗೆಲ್ಲ ಊಟ ಹಾಕುವುದು ನಮ್ಮ ಕಡೆ ಪದ್ಧತಿ. ಕೊನೆಯ ಸಲ ಗೆದ್ದಾಗ ಅವರ ಮಂಡಿ ಮುರಿಯಿತು. ಆಸ್ಪತ್ರೆ ಖರ್ಚು ಕೇಳಿದರೆ ಕಂಟ್ರಾಕ್ಟರು, "ಟಗರು ಕೊಟ್ಟಿವ್ನಿ ಕಣ್ಲಾ, ಇನ್ನೇನ್ ಬೇಕು ನಿಂಗೆ?" ಅಂದ. ಟಗರು ಒಂದೇ ಮಧ್ಯಾಹ್ನಕ್ಕೆ ಮುಗಿಯಿತು. ಆ ಮಂಡಿಗೆ ಮೂವತ್ತು ವರ್ಷ ಎಣ್ಣೆ ತಿಕ್ಕಿದವಳು ನಾನು.

ನೀವು ಟಿಕೆಟ್ಟೂ ಮಾರುತ್ತೀರಿ, ಟಿವಿಯವರಿಂದಲೂ ದುಡ್ಡು ಇಸಕೊಳ್ಳುತ್ತೀರಿ. ಹುಡುಗಿ ಆಡಲಿ, ನಾನೇ ಬಸ್ಸು ಹತ್ತಿಸುತ್ತೇನೆ. ಆದರೆ ಪೆಟ್ಟಾದರೆ ಚಿಕಿತ್ಸೆ, ಎದ್ದು ನಡೆಯುವವರೆಗೆ ಸಂಬಳ ತಂಡದ್ದು ಎಂದು ಒಂದು ಸಾಲು ಸೇರಿಸಿ. ಅವಳಿಗಿನ್ನೂ ಹದಿನೇಳು. ನನ್ನ ಸಹಿಯಿಲ್ಲದೆ ನಿಮ್ಮ ಅಂಕಣಕ್ಕೆ ಕಾಲಿಡುವುದಿಲ್ಲ.

ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ಬರೆಯಿರಿ. ಪೆನ್ನು ನನ್ನ ಹತ್ತಿರವೇ ಇದೆ.

ಇಂತಿ,
ಪುಟ್ಟತಾಯಮ್ಮ
ಯಶಸ್ವಿನಿಯ ಅಜ್ಜಿ