ಇಪ್ಪತ್ತೈದನೇ ಸೀರೆ

ಸಿದ್ಧಾರ್ಥನಗರ, ಮೈಸೂರು
೨೨-೧೧-೧೯೯೯

ಪ್ರೀತಿಯ ನಿಶ್ಚಿತಾ,

ಕೆಮ್ಮು ಹೇಗಿದೆ? ಪರೀಕ್ಷೆ ಅಂತ ಹಬ್ಬಕ್ಕೂ ಬರಲಿಲ್ಲ, ಹೋಗಲಿ. ದಾವಣಗೆರೆ ಹಾಸ್ಟೆಲಿನ ನೀರು ಸಾರು ಕುಡಿದು ಡಾಕ್ಟರಾಗ್ತೀನಿ ಅಂದರೆ ಮೊದಲು ನಿನಗೇ ಡ್ರಿಪ್ ಹಾಕಬೇಕಾಗುತ್ತೆ. ಬಿಸಿನೀರಿಗೆ ಮೆಣಸು ಕುಟ್ಟಿ ಹಾಕಿಕೊಂಡು ಕುಡಿ. ನಿಮ್ಮಪ್ಪ ಚೆನ್ನಾಗಿದ್ದಾರೆ, ಚೆನ್ನಾಗಿ ಗದರುತ್ತಲೂ ಇದ್ದಾರೆ. ನಾನು ಮಾತ್ರ ಸರಿಯಿಲ್ಲ ಕಣೇ.

ಪುಟ್ಟತಾಯಮ್ಮ ಕೆಲಸಕ್ಕೆ ಬರುವುದು ನಿಲ್ಲಿಸಿ ಹತ್ತು ದಿನವಾಯಿತು. ಹದಿನೆಂಟು ವರ್ಷ ನಮ್ಮ ಪಾತ್ರೆ ತಿಕ್ಕಿ, ನಿನಗೆ ಜಡೆ ಹಾಕಿ ಸ್ಕೂಲಿಗೆ ಬಿಟ್ಟು ಬರುತ್ತಿದ್ದವಳು. ಬೆಳಿಗ್ಗೆ ಆರಕ್ಕೆ ಗೇಟಿನ ಚಿಲಕ ಸದ್ದಾಗುತ್ತೆ, ನನ್ನ ಕಿವಿಗೆ ಮಾತ್ರ. ಹೋಗಿ ನೋಡಿದರೆ ಯಾರೂ ಇರಲ್ಲ. ನಿನ್ನೆ ಅವಳ ಲೋಟಕ್ಕೆ ಕಾಫಿ ಬೇರೆ ಬಗ್ಗಿಸಿಟ್ಟಿದ್ದೆ. ನಿಮ್ಮಪ್ಪ ಅದನ್ನು ನೋಡಿ ಪೇಪರ್ ಎತ್ತಿಕೊಂಡರು.

ದೀಪಾವಳಿಗೆ ನಮ್ಮ ಮಹಿಳಾ ಸಂಘದಿಂದ ಬಡವರ ಮನೆ ಹೆಂಗಸರಿಗೆ ಸೀರೆ ಹಂಚಿದೆವು. ಸಂಘಕ್ಕೆ ಇಪ್ಪತ್ತೈದು ವರ್ಷ, ಅದಕ್ಕೇ ಇಪ್ಪತ್ತೈದು ಸೀರೆ. ಕಾರ್ಯದರ್ಶಿ ನಾನು, ನನ್ನ ಜಂಬ ನಿನಗೆ ಗೊತ್ತೇ ಇದೆಯಲ್ಲ. ಶಾಮಿಯಾನ, ಮೈಕು, ಪೇಪರಿನ ಫೋಟೋದವನು, ಎಲ್ಲಾ ಇತ್ತು. ಕೊನೆಗೆ ಪುಟ್ಟತಾಯಮ್ಮನ ಹೆಸರು ಕೂಗಿದರು. ಸೆರಗನ್ನು ಹಣೆ ಮುಚ್ಚುವಷ್ಟು ಎಳೆದುಕೊಂಡು ಬಂದು ನಿಂತಳು. ಅಧ್ಯಕ್ಷೆ ಮಂಜುಳಮ್ಮನವರು ಸೀರೆ ಕೊಟ್ಟರೆ ಫ್ಲ್ಯಾಶ್ ಬೀಳಲಿಲ್ಲ. ವಾಪಸ್ ಇಸ್ಕೊಂಡು ಇನ್ನೊಂದು ಸಲ ಕೊಟ್ಟರು. ಮುಖ ಕಾಣ್ತಿಲ್ಲ ಅಂದ ಅವನು. "ಬ್ಯಾಡ ಬುಡಿ ಅಮ್ಮಾರೇ" ಅಂತ ನನಗೊಬ್ಬಳಿಗೇ ಕೇಳುವ ಹಾಗೆ ಅಂದಳು. ನಾನು ಕೈ ಹಾಕಿ ಸೆರಗು ಹಿಂದಕ್ಕೆ ಸರಿಸಿದೆ. ಸ್ವಲ್ಪ ನಗು ಅಂತಲೂ ಹೇಳಿದೆ.

ಮರುದಿನ ಪೇಪರಿನಲ್ಲಿ ಬಂತು. ಹೆಮ್ಮೆಯಿಂದ ಕತ್ತರಿಸಿಟ್ಟುಕೊಂಡೆ. ಅದನ್ನು ಮಂಡಿ ಮೊಹಲ್ಲಾದವರೂ ನೋಡಿದರು, ಅವಳ ಮಗಳು ಅನುವನ್ನು ಒಪ್ಪಿಕೊಂಡಿದ್ದ ಗಂಡಿನ ಮನೆಯವರು. ಇದೇ ಕಾರ್ತಿಕದಲ್ಲಿ ತಾಂಬೂಲ ಬದಲಾಯಿಸಬೇಕಿತ್ತು. ಹುಡುಗನ ತಾಯಿ, ಸೀರೆಗೆ ಕೈಯೊಡ್ಡಿ ನಿಲ್ಲೋರ ಮನೆ ಹೆಣ್ಣು ನಮಗೆ ಬೇಡ ಅಂತ ಹೇಳಿಕಳಿಸಿದರು. ನಿನ್ನ ಹಳೇ ಯೂನಿಫಾರಂ ಹಾಕಿಕೊಂಡು ನಿನ್ನಷ್ಟೇ ಚೆನ್ನಾಗಿ ಓದಿದ ಹುಡುಗಿ ಕಣೇ ಅದು. ಆ ಫೋಟೋದಲ್ಲಿ ಪುಟ್ಟತಾಯಮ್ಮ ಕಣ್ಣು ಮುಚ್ಚಿಕೊಂಡಿದ್ದಾಳೆ. ಒಲೆ ಮುಂದೆ ನಿಂತರೂ, ಪೂಜೆಗೆ ಕೂತರೂ ಆ ಮುಚ್ಚಿದ ಕಣ್ಣೇ ಎದುರಿಗೆ ಬರುತ್ತೆ. ಬೆರಳ ತುದಿಗೆ ಅವಳ ಸೆರಗು ಇನ್ನೂ ತಾಕುತ್ತಲೇ ಇದೆ. ನನಗೆ ಭಯವಾಗುತ್ತೆ.

ಚಳಿ ಶುರುವಾಯಿತು, ಸ್ವೆಟರ್ ಹಾಕಿಕೋ. ಗುರುಗಳ ಕೃಪೆ ನಿನ್ನ ಮೇಲಿರಲಿ, ಮಗಳೇ.

ನಿನ್ನ ಅಮ್ಮ,
ಸರ್ವಮಂಗಳಾ

ತಾ.ಕ.: ಅಂಟಿಸಿದ ಕವರ್ ಬಿಚ್ಚಿ ಬರೀತಿದೀನಿ. ಪುಟ್ಟತಾಯಮ್ಮ ಅವತ್ತು ಸೀರೆಗೆ ಬಂದವಳೇ ಅಲ್ಲ. ಉಪ್ಪಿಟ್ಟು ಬಡಿಸೋಕೆ ನಾನೇ ಕರೆದಿದ್ದೆ. ಪಟ್ಟಿಯಲ್ಲಿದ್ದ ಒಬ್ಬಳು ಬರಲಿಲ್ಲ. ಇಪ್ಪತ್ತನಾಲ್ಕಕ್ಕೆ ನಿಂತರೆ ಚೆನ್ನಾಗಿರಲ್ಲ ಅಂತ ಪುಟ್ಟತಾಯಮ್ಮನನ್ನು ಕೇಳದೆ ಅವಳ ಹೆಸರು ಬರೆದು ಮೈಕಿಗೆ ಕಳಿಸಿದವಳು ನಾನು. ನಾಳೆ ಬೆಳಿಗ್ಗೆ ಮಂಡಿ ಮೊಹಲ್ಲಾಕ್ಕೆ ಹೋಗಿ ಹುಡುಗನ ತಾಯಿಗೆ ಇದನ್ನು ಹೇಳಿ ಬರ್ತೀನಿ. ಸಂಘದ ಮರ್ಯಾದೆ ಹೋಗುತ್ತೆ ಅಂತ ನಿಮ್ಮಪ್ಪ ಕೂಗಾಡ್ತಿದಾರೆ, ಕೂಗಾಡಲಿ. ಸಂಜೆ ಅನು ಬಂದಿದ್ದಳು. "ನಮ್ಮವ್ವ ಯಾಕಮ್ಮಾರೇ ಹೋಗಿ ಕೈಯೊಡ್ಡಿದ್ಲು?" ಅಂತ ನನ್ನನ್ನೇ ಕೇಳಿದಳು. ಪುಟ್ಟತಾಯಮ್ಮ ಹೆತ್ತ ಮಗಳಿಗೂ ಹೇಳಿಲ್ಲ ಕಣೇ.