ತುರ್ವಿಹಾಳದ ಕುಬಸದಲ್ಲಿ ನನ್ನ ಒಡಪು

ಅವ್ವಾ,

ಇನ್ನು ಚಿಂತೆ ಬಿಡು. ತುರ್ವಿಹಾಳದವರಿಗೆ ನಮ್ಮ ಸಿದ್ದಿ ಜನ ಗೊತ್ತಿಲ್ಲ. ನನ್ನ ಬಣ್ಣ, ಕೂದಲು ನೋಡಿ "ನೀ ಯಾವ ದೇಶದ ನರ್ಸ?" ಎನ್ನುತ್ತಿದ್ದರು. ಪಕ್ಕದ ಮನೆಯ ಗದ್ದೆಮ್ಮನ ಬಸುರಿ ಸೊಸೆ ನನ್ನ ಕೈಯಿಂದ ಸೂಜಿಯೇ ಬೇಡವೆಂದಿದ್ದಳು.

ನಿನ್ನೆ ಅವಳ ಕುಬಸ, ಅಂದರೆ ಸೀಮಂತ. ಅಲ್ಲಿ ಹೆಂಗಸರೆಲ್ಲ ಗಂಡನ ಹೆಸರನ್ನು ಒಡಪು ಕಟ್ಟಿ ಹೇಳಬೇಕು. ನನ್ನನ್ನೂ ಕಾಡಿದರು. ಗಂಡನಿಲ್ಲ, ನನ್ನ ಹೆಸರನ್ನೇ ಕಟ್ಟಿದೆ:

"ಎರಿ ಹೊಲ ಕರಿ, ಕೊಳ್ಳಾಗಿನ ಮಣಿ ಕರಿ,
ಕೂಸಿನ ಕಾಡಿಗಿ ಕರಿ, ಗಿರಿಜಾನ ಕೈನೂ ಕರಿ!"

ನಗುವೋ ನಗು. ಇವತ್ತು ಸೊಸೆ ತಾನೇ ಬಂದು ತೋಳು ಚಾಚಿದಳು.

ಕಾಲುವೆ ನೀರಿಗೆ ಹೊಟ್ಟೆ ಒಗ್ಗಿದೆ. ಈಗ ಯಾರೂ ದೇಶ ಕೇಳುವುದಿಲ್ಲ. ಗದ್ದೆಮ್ಮನದು ಬೇರೆಯೇ ಪ್ರಶ್ನೆ: "ಎಂಥಾ ಗಂಡು ನೋಡಬೇಕಬೇ ನಿನಗ? ಮುಂದಿನ ಒಡಪಿನ್ಯಾಗ ಆತನ ಹೆಸರ ಬರಬೇಕು!"

ಕಾರ್ಡ್ ತುಂಬಿತು.
ಗಿರಿಜಾ