ದಿಲೀಪನ ಮೊದಲ ರೌಂಡು

ಗುರುವಾರ, 13 ನವೆಂಬರ್ 2025

ಗೆಳೆಯ ದಿಲೀಪ ಸತ್ತದ್ದು ಗ್ಯಾರೇಜಿನ ಸವೆದ ಜಾಕ್ ಜಾರಿದ್ದರಿಂದ. ಕುಡಿದಿದ್ದನೆಂದು ಮಾಲೀಕ ಅಪಘಾತದ ವರದಿಯಲ್ಲಿ ಬರೆಸಿದ್ದು ಶುದ್ಧ ಸುಳ್ಳು.

ಎಂಜಿನ್ ಕಟ್ಟಿದವನೇ ಮೊದಲ ರೌಂಡು ಹೊಡೆಯುವುದು ಥಾಣೆ ಬಳಿಯ ಮಹಾಪೆಯ ನಮ್ಮ ಗ್ಯಾರೇಜಿನ ರೂಢಿ. ದಿಲೀಪ ಎಂಜಿನ್ ಕಟ್ಟಿದ್ದ ಹಳೆಯ ಕೆಂಪು ಸ್ಪೋರ್ಟ್ಸ್ ಕಾರನ್ನು ಇಂದು ಅವನ ಬದಲು ನಾನು ಓಡಿಸಿದೆ. ಪಕ್ಕದಲ್ಲಿ ಅವನ ಅವ್ವ ಮರಗಮ್ಮ. ಶೀಳಫಾಟಾ ರಸ್ತೆಯಲ್ಲಿ ವೇಗದ ಮುಳ್ಳು ನೂರು ದಾಟಿತು. ಎಂಜಿನ್ನಿನ ಗುಡುಗು ನನ್ನ ಎದೆಯೊಳಗೇ ಹುಟ್ಟಿದಂತಿತ್ತು. ಇಂಥ ಕಾರುಗಳು ಶ್ರೀಮಂತರ ಸೊಕ್ಕು ಎಂದು ಕಾರ್ಮಿಕ ಸಂಘದ ಕರಪತ್ರ ಓದಿ ವಾದಿಸುತ್ತಿದ್ದವನು ನಾನು. ಆದರೂ ಮೈ ಜುಮ್ಮೆಂದಿತು. ಈ ಸುಖ ಅವನದಾಗಬೇಕಿತ್ತು. ಆಕ್ಸಿಲರೇಟರ್ ಮೇಲಿನ ಕಾಲು ತಾನಾಗಿ ಸಡಿಲಾಯಿತು.

"ಯಾಕ ಸ್ಲೋ ಮಾಡ್ದಿ, ತಮ್ಮಾ? ಗಾಳಿಗೆ ಕಣ್ಣೀರು ಒಣಗ್ತಾವ, ಹೊಡಿ!" ಎಂದಳು ಅವ್ವ.

ಇಳಿದ ಮೇಲೆ ಬಿಸಿ ಬಾನೆಟ್ ಸವರಿ ಕೇಳಿದಳು: "ಕುಡಿದ ಕೈ ಇಂಥಾದ್ದು ಕಟ್ಟತಾವೇನು?"

ಇದನ್ನು ಮಾಲೀಕನ ಎದುರಿಗೇ ಕೇಳಬೇಕು, ಅವಳೇ. ಥಾಣೆಯ ಕಾರ್ಮಿಕ ಕಚೇರಿಯಲ್ಲಿ ಅವನ ಸಾವಿನ ವಿಚಾರಣೆ. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ.